ಬೀದಿ ಎಲ್ಲರದು, ಉಸ್ತುವಾರಿ ಯಾರದು? ಏನಿದು ‘ಬಿಐಡಿ’ ಪದ್ಧತಿ, ಭಾರತದಲ್ಲೂ ಇದೆಯೇ?

ಪೇಟೆ ಬೀದಿಯಲ್ಲಿ ಕಸ ರಾಶಿ ಬಿದ್ದರೆ, ಬೀದಿದೀಪ ಕೆಟ್ಟರೆ ಅಂಗಡಿಯವರು ಪಾಲಿಕೆಯತ್ತ ಬೊಟ್ಟು ಮಾಡುತ್ತಾರೆ. ಪಾಲಿಕೆ ಸಿಬ್ಬಂದಿ ಇಲ್ಲ, ಅನುದಾನ ಇಲ್ಲ ಎನ್ನುತ್ತದೆ. ಈ ಹಗ್ಗಜಗ್ಗಾಟಕ್ಕೆ ಹಲವು ದೇಶಗಳು ಕಂಡುಕೊಂಡ ಒಂದು ದಾರಿ ‘ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್’, ಅಂದರೆ ಬಿಐಡಿ. ಗಡಿ ಗುರುತಿಸಿದ ಒಂದು ವಾಣಿಜ್ಯ ಪ್ರದೇಶದ ಆಸ್ತಿ ಮಾಲೀಕರು ಅಥವಾ ವ್ಯಾಪಾರಿಗಳು ಮಾಮೂಲಿ ತೆರಿಗೆಯ ಜೊತೆಗೆ ಹೆಚ್ಚುವರಿ ಶುಲ್ಕ ಕಟ್ಟುತ್ತಾರೆ. ಆ ಹಣ ಅದೇ ಪ್ರದೇಶಕ್ಕೆ ಖರ್ಚಾಗುತ್ತದೆ.

ಕೇಳಲು ಸರಳ. ಆದರೆ ಹಣ ಕಟ್ಟುವವರದ್ದೇ ಮಾತು ನಡೆಯುವ ಕಡೆ, ಅಲ್ಲೇ ಬಾಡಿಗೆಗಿರುವವರು ಮತ್ತು ಬೀದಿಬದಿ ವ್ಯಾಪಾರಿಗಳ ಮಾತು ಕೇಳುವವರು ಯಾರು? ಬಿಐಡಿ ಕುರಿತ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ.

ಶುರುವಾಗಿದ್ದು ಟೊರೊಂಟೊದಲ್ಲಿ

ಕೆನಡಾದ ಟೊರೊಂಟೊ ನಗರದ ಬ್ಲೋರ್ ವೆಸ್ಟ್ ವಿಲೇಜ್ ಜಗತ್ತಿನ ಮೊದಲ ಬಿಐಡಿ ಎನಿಸಿಕೊಂಡಿದೆ. 1960ರ ದಶಕದಲ್ಲಿ ಅಲ್ಲಿ ಸುರಂಗ ರೈಲು ಬಂತು. ರಸ್ತೆ ಮೇಲಿನ ಟ್ರಾಮ್‌ನಲ್ಲಿ ಅಂಗಡಿಗಳನ್ನು ನೋಡುತ್ತಾ ಸಾಗುತ್ತಿದ್ದ ಜನ ನೆಲದಡಿಯಲ್ಲಿ ಓಡಾಡತೊಡಗಿದರು. ಜೊತೆಗೆ ದೊಡ್ಡ ಮಾಲ್‌ಗಳೂ ತಲೆ ಎತ್ತಿ ಗಿರಾಕಿಗಳನ್ನು ಸೆಳೆದವು.

ಬೀದಿಗೆ ಮತ್ತೆ ಕಳೆ ತರಲು ವ್ಯಾಪಾರಿಗಳು ಚಂದಾ ಎತ್ತಿ ನೋಡಿದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಅನುಕೂಲ ಮಾತ್ರ ಎಲ್ಲರಿಗೂ ಸಿಕ್ಕಿತು. ಹಾಗಾಗಿ ಗಡಿಯೊಳಗಿನ ಎಲ್ಲರೂ ಶುಲ್ಕ ಕಟ್ಟುವುದನ್ನು ಕಡ್ಡಾಯ ಮಾಡುವ ಕಾನೂನಿಗಾಗಿ ಒತ್ತಾಯಿಸಿದರು. 1970ರಲ್ಲಿ ಅದಕ್ಕೆ ಅಧಿಕೃತ ರೂಪ ಸಿಕ್ಕಿತು. ಆ ಹಣದಲ್ಲಿ ಬೀದಿಗೆ ದೀಪ, ಬೆಂಚು, ಗಿಡಮರಗಳು ಬಂದವು. ಇಂದು ಟೊರೊಂಟೊ ಒಂದರಲ್ಲೇ ಇಂಥ 80ಕ್ಕೂ ಹೆಚ್ಚು ಪ್ರದೇಶಗಳಿವೆ.

ಕೆಲಸ ಮಾಡುವುದು ಹೇಗೆ?

ದೇಶದಿಂದ ದೇಶಕ್ಕೆ ನಿಯಮ ಬೇರೆ ಬೇರೆಯಾದರೂ ಮೂಲ ಚೌಕಟ್ಟು ಒಂದೇ. ಮೊದಲು ಪ್ರದೇಶದ ಗಡಿ, ಕೆಲಸಗಳ ಪಟ್ಟಿ ಮತ್ತು ಬಜೆಟ್ ಸಿದ್ಧವಾಗುತ್ತದೆ. ನಂತರ ಶುಲ್ಕ ಕಟ್ಟಬೇಕಾದವರ ಒಪ್ಪಿಗೆ ಕೇಳಲಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಶುಲ್ಕವನ್ನು ವಸೂಲಿ ಮಾಡುವುದು ಸಾಮಾನ್ಯವಾಗಿ ಸ್ಥಳೀಯ ಆಡಳಿತವೇ. ಖರ್ಚು ಮಾಡುವುದು ಮಾತ್ರ ಆ ಪ್ರದೇಶದ ಆಡಳಿತ ಮಂಡಳಿ.

ಇಂಗ್ಲೆಂಡ್‌ನಲ್ಲಿ 2003ರ ಕಾನೂನಿನ ಪ್ರಕಾರ ವ್ಯಾಪಾರಿಗಳ ಮತದಾನ ನಡೆಯುತ್ತದೆ. ಅಲ್ಲಿ ಎರಡು ಬಹುಮತ ಬೇಕು. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರಬೇಕು; ಜೊತೆಗೆ ಅವರ ಆಸ್ತಿಗಳ ತೆರಿಗೆ ಮೌಲ್ಯವೂ ಅರ್ಧಕ್ಕಿಂತ ಹೆಚ್ಚಿರಬೇಕು. ಇದರಿಂದ ನಾಲ್ಕೈದು ದೊಡ್ಡ ಮಳಿಗೆಗಳು ಸೇರಿ ಸಣ್ಣವರ ಮೇಲೆ, ಅಥವಾ ಸಣ್ಣ ಅಂಗಡಿಗಳೆಲ್ಲ ಸೇರಿ ದೊಡ್ಡವರ ಮೇಲೆ ಶುಲ್ಕ ಹೇರುವಂತಿಲ್ಲ. ಅವಧಿ ಗರಿಷ್ಠ 5 ವರ್ಷ. ಮುಂದುವರಿಯಬೇಕಾದರೆ ಮತ್ತೆ ಮತದಾನ ನಡೆಯಬೇಕು.

ನ್ಯೂಯಾರ್ಕ್‌ನಲ್ಲಿ ಆಸ್ತಿ ಮಾಲೀಕರು ಶುಲ್ಕ ಕಟ್ಟುತ್ತಾರೆ. ಮಾಲೀಕರಲ್ಲಿ ಶೇ 51ರಷ್ಟು ಮಂದಿ ಅಥವಾ ಆಸ್ತಿ ಮೌಲ್ಯದ ಶೇ 51ರಷ್ಟನ್ನು ಹೊಂದಿರುವವರು ಆಕ್ಷೇಪಿಸಿದರೆ ಬಿಐಡಿ ಸ್ಥಾಪಿಸುವಂತಿಲ್ಲ. ಆ ನಗರದಲ್ಲಿ ಈಗ 70ಕ್ಕೂ ಹೆಚ್ಚು ಬಿಐಡಿಗಳಿವೆ.

ಲಾಭ ಏನು?

ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕ್‌ನ ಬ್ರಯಂಟ್ ಪಾರ್ಕ್. 1970ರ ದಶಕದಲ್ಲಿ ಅದು ಮಾದಕ ವಸ್ತು ಮಾರಾಟಗಾರರ ಅಡ್ಡೆಯಾಗಿತ್ತು. 1980ರಲ್ಲಿ ಉದ್ಯಾನದ ಪುನಶ್ಚೇತನಕ್ಕೆಂದೇ ಸಂಸ್ಥೆಯೊಂದು ರಚನೆಯಾಯಿತು. ಅಕ್ಕಪಕ್ಕದ ಕಟ್ಟಡ ಮಾಲೀಕರ ಶುಲ್ಕ ಅದಕ್ಕೆ ಬಲ ತುಂಬಿತು. 1988ರಲ್ಲಿ ಮುಚ್ಚಿದ ಉದ್ಯಾನ 1992ರಲ್ಲಿ ಮತ್ತೆ ತೆರೆಯಿತು. ರಸ್ತೆಯಿಂದ ಒಳಗೆ ಕಾಣದಂತೆ ಮರೆ ಮಾಡಿದ್ದ ಬೇಲಿಗಳನ್ನು ತೆಗೆದು, ಬೇಕಾದಲ್ಲಿಗೆ ಎಳೆದುಕೊಂಡು ಕೂರಬಹುದಾದ ಕುರ್ಚಿಗಳನ್ನು ಹಾಕಲಾಯಿತು. ಕಚೇರಿ ನೌಕರರು ಊಟದ ಹೊತ್ತಿಗೆ ಅಲ್ಲಿ ಬಂದು ಕೂರತೊಡಗಿದರು.

ನಿವಾಸಿಗಳಿಗೆ ಮತ ಇದೆಯೇ?

ಇದೆ, ಆದರೆ ಅಲ್ಪ. ನ್ಯೂಯಾರ್ಕ್‌ನ ಬಿಐಡಿ ಮಂಡಳಿಗಳಲ್ಲಿ ವಸತಿ ಬಾಡಿಗೆದಾರರಿಗೂ ಪ್ರಾತಿನಿಧ್ಯ ಉಂಟು. ಆದರೆ ಬಹುಮತ ಆಸ್ತಿ ಮಾಲೀಕರದ್ದೇ. ಗ್ರ್ಯಾಂಡ್ ಸೆಂಟ್ರಲ್ ಪ್ರದೇಶದ ನಿವಾಸಿಗಳು ‘ಒಬ್ಬರಿಗೆ ಒಂದು ಮತ’ ತತ್ವಕ್ಕೆ ಇದು ವಿರುದ್ಧ ಎಂದು ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಬಿಐಡಿ ಸೀಮಿತ ಉದ್ದೇಶದ ಸಂಸ್ಥೆ, ಸರ್ಕಾರವಲ್ಲ. ಅದರ ಹೊರೆ ಹೆಚ್ಚಾಗಿ ಬೀಳುವುದು ಆಸ್ತಿ ಮಾಲೀಕರ ಮೇಲೆ ಎಂಬುದು ನ್ಯಾಯಾಲಯದ ನಿಲುವು.

ಅದೇ ವರ್ಷ ಅದೇ ಪ್ರದೇಶದ ಬಿಐಡಿಗೆ ಇನ್ನೊಂದು ಪ್ರಕರಣದಲ್ಲಿ ಹಿನ್ನಡೆಯಾಯಿತು. ಮನೆಯಿಲ್ಲದವರನ್ನು ‘ತರಬೇತಿ’ ಹೆಸರಿನಲ್ಲಿ ಗಂಟೆಗೆ ಒಂದು ಡಾಲರ್‌ನಷ್ಟು ಅಲ್ಪ ಮೊತ್ತಕ್ಕೆ ದುಡಿಸಿಕೊಂಡಿದ್ದು ಕನಿಷ್ಠ ವೇತನ ಕಾನೂನಿನ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ಕೊಟ್ಟವರು ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮಯೋರ್.

ಭಾರತದಲ್ಲಿ ಏನಿದೆ?

ಬಿಐಡಿಗೆ ಹತ್ತಿರದ ವ್ಯವಸ್ಥೆಗಳು ನಮ್ಮಲ್ಲೂ ಇವೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಕ್ಯೂ ವಿಧಿಯಲ್ಲಿ ‘ಕೈಗಾರಿಕಾ ಟೌನ್‌ಶಿಪ್’ಗೆ ಅವಕಾಶವಿದೆ. ಕೈಗಾರಿಕಾ ಸಂಸ್ಥೆಯೇ ಪೌರಸೇವೆ ಒದಗಿಸುವ ಪ್ರದೇಶದಲ್ಲಿ ಪುರಸಭೆ ರಚಿಸದೇ ಇರಬಹುದು ಎನ್ನುತ್ತದೆ ಈ ವಿಧಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ 2013ರಲ್ಲಿ ಇಂಥ ಟೌನ್‌ಶಿಪ್ ಪ್ರಾಧಿಕಾರ ‘ಎಲ್ಸಿಟಾ’ ಅಸ್ತಿತ್ವಕ್ಕೆ ಬಂತು. ಕಂಪನಿಗಳು ಕಟ್ಟುವ ಆಸ್ತಿ ತೆರಿಗೆಯನ್ನು ಅದೇ ಸಂಗ್ರಹಿಸಿ ರಸ್ತೆ, ದೀಪ, ಚರಂಡಿ, ಭದ್ರತೆ ನೋಡಿಕೊಳ್ಳುತ್ತದೆ. ಆದರೆ ಅಲ್ಲಿ ದುಡಿಯುವ ಸಾವಿರಾರು ಮಂದಿ ವಾಸಿಸುವ ಬಾಡಿಗೆ ಮನೆ, ಪಿಜಿಗಳು ಇರುವುದು ಗಡಿಯಾಚೆಗಿನ ಹಳ್ಳಿಗಳಲ್ಲಿ. ಗೆರೆಯ ಒಳಗಿನ ರಸ್ತೆ ನುಣುಪಾದರೂ ಅವರು ಸಂಜೆ ಮರಳುವುದು ಹೊರಗಿನ ರಸ್ತೆಗೇ. ಹೈದರಾಬಾದ್‌ನಲ್ಲೂ ಕೈಗಾರಿಕಾ ಪ್ರದೇಶಗಳಿಗೆ ‘ಐಎಎಲ್ಎ’ ಎಂಬ ಪ್ರತ್ಯೇಕ ಸ್ಥಳೀಯ ಪ್ರಾಧಿಕಾರದ ವ್ಯವಸ್ಥೆ ಇದೆ.

ಮುಂಬೈನದ್ದು ತದ್ವಿರುದ್ಧ ಮಾದರಿ. ಅಲ್ಲಿ 1990ರ ದಶಕದಲ್ಲಿ ಘಾಟ್ಕೋಪರ್‌ನ ಜೋಶಿ ಲೇನ್ ನಿವಾಸಿಗಳ ಪ್ರಯತ್ನದಿಂದ ಶುರುವಾದ ‘ಎಎಲ್ಎಂ’ ಗುಂಪುಗಳು ಪಾಲಿಕೆಯೊಂದಿಗೆ ಸೇರಿ ಕಸ ವಿಂಗಡಣೆ, ಬೀದಿ ಸ್ವಚ್ಛತೆಯ ಕೆಲಸ ಮಾಡುತ್ತವೆ. ಇಲ್ಲಿ ಮುಂದಾಳುಗಳು ನಿವಾಸಿಗಳೇ. ಆದರೆ ಶುಲ್ಕ ಹಾಕುವ ಅಧಿಕಾರ ಇವರಿಗಿಲ್ಲ. ಹಾಗಾಗಿ ಉತ್ಸಾಹಿಗಳು ಇರುವವರೆಗೆ ಮಾತ್ರ ಗುಂಪು ಚುರುಕಾಗಿರುತ್ತದೆ.

ಬೀದಿ ವ್ಯಾಪಾರಿಗಳ ಪಾಲು

ಒಂದು ವಿಷಯದಲ್ಲಿ ಭಾರತದ ಕಾನೂನು ಬಿಐಡಿಗಿಂತ ಮುಂದಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವರ್ತಕರ ಸಂಘ, ನಿವಾಸಿಗಳ ಸಂಘಗಳಿಗೂ ಸಮಿತಿಯಲ್ಲಿ ಜಾಗವಿದೆ. ಆಸ್ತಿ ಇಲ್ಲದವರಿಗೂ ಬೀದಿಯ ಮೇಲೆ ಹಕ್ಕಿದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಕೇಳಬೇಕಾದ ಪ್ರಶ್ನೆಗಳು

ಚೆನ್ನೈನ ಪಾಂಡಿ ಬಜಾರ್, ದೆಹಲಿಯ ಚಾಂದನಿ ಚೌಕ್, ಬೆಂಗಳೂರಿನ ಚರ್ಚ್ ಸ್ಟ್ರೀಟ್ ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಹಣದಲ್ಲಿ ಹೊಸ ರೂಪ ಪಡೆದಿವೆ. ಕಲ್ಲು ಹಾಸಲು ಒಮ್ಮೆ ಅನುದಾನ ಸಿಕ್ಕರೆ ಸಾಕು. ಅದನ್ನು ದಿನವೂ ಗುಡಿಸಲು, ಕಿತ್ತುಹೋದಾಗ ಸರಿಪಡಿಸಲು ಪ್ರತಿ ವರ್ಷ ಹಣ ಬೇಕು. ಬಿಐಡಿ ಮಾದರಿಯ ಪ್ರಸ್ತಾವ ಬರುವುದು ಇಂಥ ಹೊತ್ತಿನಲ್ಲೇ.

ನಿಮ್ಮ ಬಡಾವಣೆ ಅಥವಾ ಪೇಟೆಗೆ ಇಂಥ ಪ್ರಸ್ತಾವ ಬಂದರೆ ಮೊದಲು ಕೇಳಬೇಕಾದ್ದು ನಾಲ್ಕು ಪ್ರಶ್ನೆ:

* ಗಡಿ ಎಳೆದವರು ಯಾರು, ಅದರ ಹೊರಗೆ ಉಳಿದವರು ಯಾರು?
* ಮಂಡಳಿಯಲ್ಲಿ ಬಾಡಿಗೆದಾರರು ಮತ್ತು ಬೀದಿ ವ್ಯಾಪಾರಿಗಳಿಗೆ ಎಷ್ಟು ಸ್ಥಾನ?
* ಶುಲ್ಕ ಬಂತೆಂದು ಪಾಲಿಕೆ ತನ್ನ ಮಾಮೂಲಿ ಸೇವೆಯನ್ನು ಕಡಿಮೆ ಮಾಡುವುದಿಲ್ಲ ಎಂಬ ಲಿಖಿತ ಒಪ್ಪಂದ ಇದೆಯೇ?
* ಅವಧಿ ಮುಗಿದ ಮೇಲೆ ಬೇಡ ಎನ್ನುವ ಅವಕಾಶ ಇದೆಯೇ?