ಗೋಮಾಳ ಮತ್ತು ಖರಾಬು

ಕಂದಾಯ ಇಲಾಖೆಯ ಕಡತಗಳಲ್ಲಿ ನನಗೆ ತೀರ ಇಷ್ಟವಾದ ಪದ ಗೋಮಾಳ. ಪಟ್ಟಾ, ಇನಾಮು ಎಂದಾಗ ನೆಲದ ಹಿಂದೆ ಒಬ್ಬ ಒಡೆಯ ನಿಂತಿರುತ್ತಾನೆ. ತರಿ, ಖುಷ್ಕಿ ಎಂದಾಗ ಬೆಳೆ, ಕಂದಾಯ ನೆನಪಾಗುತ್ತವೆ. ಗೋಮಾಳ ಮಾತ್ರ ಅಲ್ಲಿ ಮೇಯುವ ದನದ ಹೆಸರಿನಲ್ಲೇ ಇದೆ. ಮಾಳವೆಂದರೆ ಬಯಲು.

ಮಾಗಡಿ, ಕನಕಪುರದ ಕಡೆ ಈ ಪದ ದನಕ್ಕಷ್ಟೇ ನಿಂತಿಲ್ಲ. ಕುರಿ, ಮೇಕೆ ಹೊಡೆದುಕೊಂಡು ಹೋಗುವುದು ಅಲ್ಲಿಗೇ. ಪುರಳೆ ಸೌದೆ, ಹೊಂಗೆಸೊಪ್ಪು, ಸೀತಾಫಲ ಸಿಗುವುದೂ ಅಲ್ಲೇ. ಅಲ್ಲಿ ಬಿದ್ದ ಮಳೆ ಕೆಳಗಿನ ಕೆರೆಗೆ ಹರಿಯುತ್ತದೆ. ಸ್ವಂತಕ್ಕೆ ಒಂದು ಗುಂಟೆಯೂ ಇಲ್ಲದವರು ನಾಲ್ಕು ಮೇಕೆ ಸಾಕಿ ಬದುಕಿದ್ದು ಈ ನೆಲದಿಂದ.

ಊರಿಗೆ ಮೇವಿನ ನೆಲ ಬೇಕೆಂಬುದನ್ನು ಕಾನೂನೂ ಒಪ್ಪಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿಗೆ ಬಿಡಬೇಕು. ತೊಡಕು ಇರುವುದೂ ಈ ಲೆಕ್ಕದಲ್ಲೇ. ಸೀಮೆಹಸು ಬಂದು ಕೊಟ್ಟಿಗೆಯಲ್ಲೇ ಮೇವು ತಿನ್ನತೊಡಗಿತು, ಉಳುವ ಎತ್ತಿನ ಜಾಗಕ್ಕೆ ಟ್ರಾಕ್ಟರ್ ಬಂತು. ರಾಸು ಕಡಿಮೆಯಾದಂತೆ ‘ಹೆಚ್ಚುವರಿ ಗೋಮಾಳ’ ಎಂಬ ಮಾತು ಕಡತದಲ್ಲಿ ಬಲಿಯಿತು. ಅನುಮತಿಯಿಲ್ಲದೆ ಸರ್ಕಾರಿ ನೆಲ ಉಳುತ್ತಿದ್ದ ಬಗರ್ ಹುಕುಂ ಸಾಗುವಳಿದಾರರಿಗೆ ಸಕ್ರಮ ಕೋರುವ ಅರ್ಜಿಗಳಾಗಿ ಫಾರಂ 50, 53, 57 ಬಂದವು. ಭೂಮಿಯಿಲ್ಲದ ಬಡವನಿಗೆ ಎರಡೆಕರೆ ಸಿಕ್ಕರೆ ಅದು ನ್ಯಾಯವೇ. ಅದೇ ದಾರಿಯಲ್ಲಿ ಉಳ್ಳವರು ಬೇಲಿ ಹಾಕಿಕೊಳ್ಳುವುದು ಊರಿಗೆ ಬಗೆಯುವ ದ್ರೋಹ.

ಪಹಣಿಯ ಇನ್ನೊಂದು ಪದ ಖರಾಬು. ಅರಬ್ಬಿಯಿಂದ ಬಂದದ್ದು, ಕೆಟ್ಟದ್ದು, ಹಾಳಾದದ್ದು ಎಂದರ್ಥ. ಉಳುಮೆಗೆ ಬಾರದ ಬಂಡೆನೆಲವೂ ಖರಾಬು, ಊರಿಗೆಲ್ಲ ಬೇಕಾದ ಹಳ್ಳ, ದಾರಿಯೂ ಖರಾಬು. ರಾಮನಗರದ ಸೀಮೆ ಹೀಗೆ ಉಳುಮೆಗೆ ಬಾರದ ಬಂಡೆಗಳದ್ದೇ. ಅಂಥದೊಂದು ಬಂಡೆ, ರಾಮದೇವರ ಬೆಟ್ಟ, 2012ರಲ್ಲಿ ದೇಶದ ಮೊದಲ ರಣಹದ್ದು ಧಾಮವಾಯಿತು; ವಿಸ್ತೀರ್ಣ ಸುಮಾರು 346 ಹೆಕ್ಟೇರ್. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು ರಣಹದ್ದುಗಳನ್ನು ಕೊಂದಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ರಣಹದ್ದು ಗೂಡು ಕಟ್ಟುವುದು ಬಂಡೆಯ ಮೇಲಾದರೂ ಹೊಟ್ಟೆ ತುಂಬಬೇಕಾದದ್ದು ಸುತ್ತಲಿನ ಬಯಲಿನಲ್ಲಿ. ಬೆಟ್ಟಕ್ಕೆ ಗೆರೆ ಎಳೆದು ಗೋಮಾಳವನ್ನು ಕೈಬಿಟ್ಟರೆ ಆ ಹಕ್ಕಿ ಉಳಿಯದು.

2025ರಲ್ಲಿ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಇಲ್ಲಿನ ಬಿಡದಿ ಟೌನ್‌ಶಿಪ್ ಯೋಜನೆಗೆ ಜಮೀನು ಕೊಡುವುದಿಲ್ಲವೆಂದು ಬೈರಮಂಗಲ, ಕಂಚುಗಾರನಹಳ್ಳಿಯ ರೈತರು ಧರಣಿ ಕೂತರು. ಪಟ್ಟಾ ಜಮೀನಿಗಾದರೆ ಜಗಳವಾಡಲು ಒಡೆಯನಿದ್ದಾನೆ. ಗೋಮಾಳಕ್ಕೆ ಯಾರು? ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಎಲ್ಲ ರಾಜ್ಯಗಳಿಗೂ ಹೇಳಿದೆ. ಹೇಳಿದ್ದನ್ನು ಮಾಡಿಸಬೇಕಾದವರು ಊರಿನವರೇ.

ಚನ್ನಪಟ್ಟಣವಿರಲಿ, ಮಾಗಡಿಯಿರಲಿ, ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮೂರ ಗೋಮಾಳದ ಸರ್ವೆ ನಂಬರು, ಈಗ ಉಳಿದಿರುವ ಎಕರೆ ಎಷ್ಟೆಂದು ಎಲ್ಲರೆದುರು ಓದಿಸಿ. ಅಳತೆ ಮಾಡಿಸಿ ಹದ್ದುಬಸ್ತು ಮಾಡಿಸಿ, ಗಡಿಗೆ ಕಲ್ಲು ನೆಡಿಸಿ.