ಜಾಲಹಳ್ಳಿಯ ರೇಡಿಯೊ, ಹೆಬ್ಬಾಳದ ಟೆರೇಸು

ನನ್ನ ಬಳಿ ನಿಸ್ತಂತು ಲಿಂಕ್ ಕಟ್ಟುವ ಕೆಲಸ ಕಲಿಯಲು ಬರುವ ಹುಡುಗರನ್ನು ಮೊದಲ ದಿನವೇ ಕೇಳುತ್ತೇನೆ: ಬೆಂಗಳೂರಿನ ಅತಿ ಎತ್ತರದ ನೆಲ ಯಾವುದು? ಉತ್ತರ, ನಮ್ಮ ವಿದ್ಯಾರಣ್ಯಪುರದ ಬಳಿಯ ದೊಡ್ಡಬೆಟ್ಟಹಳ್ಳಿ, 962 ಮೀಟರ್. ಊರಿನ ಏರುತಗ್ಗು ತಿಳಿಯದವನಿಗೆ ಈ ಕಸುಬು ಹತ್ತುವುದಿಲ್ಲ.

ಉತ್ತರ ಬೆಂಗಳೂರಿಗೆ ರೇಡಿಯೊ ಹೊಸದಲ್ಲ. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜಾಲಹಳ್ಳಿಯಲ್ಲಿ ಸೇನೆಗಾಗಿ ರೇಡಿಯೊ ತಯಾರಿಸಿತು. ಯಲಹಂಕದಲ್ಲಿ ಆಕಾಶವಾಣಿಯ 500 ಕಿಲೋವಾಟ್ ಪ್ರೇಷಕಗಳು 1994ರಿಂದ ದೇಶಾಂತರಕ್ಕೆ ಮಾತಾಡಿದವು. ಆಂಟೆನಾ, ಅರ್ತಿಂಗ್, ಕೇಬಲ್ ಲಾಸ್ ಇವನ್ನೆಲ್ಲ ಬಲ್ಲ ನಿವೃತ್ತರು ಇಲ್ಲಿನ ಬೀದಿಗಳಲ್ಲೇ ಇದ್ದರು. ನನಗೆ ಈ ವಿದ್ಯೆ ಹೇಳಿಕೊಟ್ಟವರೂ ಅಂಥವರೇ.

ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಕಂಪನಿಗಳ ಟೆರೇಸಿಗೆ ಮೈಕ್ರೊವೇವ್ ಲಿಂಕ್ ಕೊಡತೊಡಗಿತು. ಆಗ ಪ್ರತಿ ಲಿಂಕಿಗೂ ದೆಹಲಿಯ ಪರವಾನಗಿ, ಮಾಸ್ಟ್ ನಿಲ್ಲಿಸಲು ಜಾಗದ ಅನುಮತಿ ಬೇಕಿತ್ತು. ಯಲಹಂಕದ ವಾಯುನೆಲೆ, ಜಕ್ಕೂರಿನ ವಿಮಾನಾಂಗಣ ಪಕ್ಕದಲ್ಲೇ ಇರುವುದರಿಂದ ಮಾಸ್ಟಿನ ಎತ್ತರದ ಮೇಲೆ ಇಲ್ಲಿ ವಿಶೇಷ ನಿಗಾ. ಕಸುಬಿನ ಬಾಗಿಲು ತೆರೆದದ್ದು 2005ರ ಜನವರಿಯಲ್ಲಿ, 2.4 ಗಿಗಾಹರ್ಟ್ಸ್ ತರಂಗಪಟ್ಟಿ ಪರವಾನಗಿಯಿಂದ ಮುಕ್ತವಾದಾಗ. 2007ರಲ್ಲಿ 5.8ರ ಒಂದು ತುಣುಕು ಸಿಕ್ಕಿತು, 2018ರಲ್ಲಿ 5 ಗಿಗಾಹರ್ಟ್ಸಿನ ಬಹುಭಾಗ. ಆರ್‌.ಟಿ. ನಗರ, ಯಶವಂತಪುರಗಳ ಟೆರೇಸುಗಳಲ್ಲಿ ನೀರಿನ ಟ್ಯಾಂಕಿನ ಪಕ್ಕ ಬಿಳಿ ಡಬ್ಬಗಳು ಮೊಳೆತವು. ಲಿಂಕ್ ಕಟ್ಟುವವರೂ, ಕೆಟ್ಟ ಲಿಂಕ್ ನೋಡಿ ಸಲಹೆ ಕೊಡುವವರೂ ಬೇಕಾದರು.

ಸಲಹೆಗೆ ಕರೆ ಬಂದಲ್ಲೆಲ್ಲ ನಾನು ಕಂಡದ್ದು ಹೆಚ್ಚಾಗಿ ಒಂದೇ ತಪ್ಪು. ಆರ್‌.ಟಿ. ನಗರದಿಂದ ಸಹಕಾರನಗರಕ್ಕೆ ಸುಮಾರು 5 ಕಿಲೋಮೀಟರ್. ಎದುರಿನ ಕಟ್ಟಡ ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕೆಂದು ಡಿಶ್ ಕಟ್ಟಿಬಿಡುತ್ತಾರೆ. ಆದರೆ ಅಲೆ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬುತ್ತದೆ. 5.8 ಗಿಗಾಹರ್ಟ್ಸಿನಲ್ಲಿ ನಟ್ಟನಡುವೆ ಆ ಉಬ್ಬಿನ ಅರ್ಧವ್ಯಾಸ 8 ಮೀಟರ್, 2.4ರಲ್ಲಿ ಹನ್ನೆರಡೂವರೆ. ಅದರ ಶೇ. 60ರಷ್ಟಾದರೂ ಬಯಲಾಗಿರಬೇಕು. ಬೇಸಿಗೆಯಲ್ಲಿ ಚೆನ್ನಾಗಿದ್ದ ಲಿಂಕ್ ಮಳೆಗಾಲದಲ್ಲಿ ಕುಂಟಿದರೆ ನಾನು ಮೊದಲು ಹುಡುಕುವುದು ದಾರಿಯ ಮಳೆಮರವನ್ನು. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ.

ಇನ್ನೊಂದು ಪಾಠ ಪುಸ್ತಕಕ್ಕಿಂತ ಕೈಯಿಂದ ಕಲಿಯುವಂಥದ್ದು. ಡಿಶ್ಶನ್ನು ಮೆಲ್ಲಗೆ ತಿರುಗಿಸುವಾಗ ಸಿಗ್ನಲ್ ಮೀಟರ್ ಮೈನಸ್ 80 ಡಿಬಿಎಂಗೆ ಬಂದು ನಿಲ್ಲುತ್ತದೆ, ಹುಡುಗ ಖುಷಿಯಿಂದ ಬೋಲ್ಟ್ ಬಿಗಿಯುತ್ತಾನೆ. ಅದು ಪಕ್ಕದ ಸುಳ್ಳು ಶಿಖರ. ದಾಟಿ ಮುಂದೆ ಹೋಗು ಎಂದು ಕೂಗುತ್ತೇನೆ. ಇನ್ನು ಕೆಲವು ಡಿಗ್ರಿ ತಿರುಗಿಸಿದರೆ ಅದಕ್ಕಿಂತ ಬಲವಾದ ಮೈನಸ್ 60 ಸಿಗುತ್ತದೆ. ಎಡದ ತುದಿಯಿಂದ ಬಲದ ತುದಿವರೆಗೆ ಪೂರ್ತಿ ನೋಡದೆ ಸ್ಪ್ಯಾನರ್ ಮುಟ್ಟಬಾರದು.

2008ರಲ್ಲಿ ಟಾಟಾದವರ ವೈಮ್ಯಾಕ್ಸ್ ಬಂತು, 2012ರ ಮೇ ತಿಂಗಳಲ್ಲಿ ಏರ್‌ಟೆಲ್ 4ಜಿ, ಆಮೇಲೆ ಕಂಬಕಂಬಕ್ಕೂ ಫೈಬರ್. ನಮ್ಮ ಕೆಲಸ ಮುಗಿಯಿತು ಎಂದವರಿದ್ದರು. ಆದರೆ ರಸ್ತೆ ಅಗೆದಾಗಲೆಲ್ಲ ಫೈಬರ್ ತುಂಡಾಗುತ್ತದೆ. ಬದಲಿ ದಾರಿಯಾಗಿ ಟೆರೇಸಿನ ಲಿಂಕ್ ಇಂದಿಗೂ ಬೇಕು.

ದೊಡ್ಡಬಳ್ಳಾಪುರ, ಗೌರಿಬಿದನೂರಿನಿಂದ ಬರುವ ಹುಡುಗರು ಈ ಕೆಲಸವನ್ನು ಕನ್ನಡದಲ್ಲೇ ಕಲಿಯುತ್ತಾರೆ, ಅವರ ಕೈಗೆ ಕೊಡುವ ಕೈಪಿಡಿ ಮಾತ್ರ ಇಂಗ್ಲಿಷಿನದು. ಜಾಲಹಳ್ಳಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೇ, ನಿಮಗೆ ಗೊತ್ತಿರುವುದನ್ನು ದಯವಿಟ್ಟು ಕನ್ನಡದಲ್ಲಿ ಬರೆದಿಡಿ. ಅಚ್ಚು ಹಾಕಿಸುವ ಹೊಣೆ ನನ್ನದು.