ಡೊಳ್ಳುಹೊಟ್ಟೆಯ ಚರಿತ್ರೆ

ತೆಳ್ಳಗಿದ್ದ ಮಗನಿಗೆ ನಡುವಯಸ್ಸಿನಲ್ಲಿ ಸ್ವಲ್ಪ ಹೊಟ್ಟೆ ಬಂದರೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ? "ಉಂಡದ್ದು ಈಗ ಮೈಗೆ ಹತ್ತಿತು" ಎಂದು ಹಿಗ್ಗುತ್ತಾರೆ. ಚಿಂಚೋಳಿ, ಚಿತ್ತಾಪುರದ ಸೀಮೆ ಬರವನ್ನು ಬಲ್ಲ ಸೀಮೆ. ಅಲ್ಲಿ ತುಂಬಿದ ಹೊಟ್ಟೆ ಭಾಗ್ಯದ ಗುರುತಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ವೈದ್ಯರು ಈ ಮಾತನ್ನು ಎಂದೂ ಒಪ್ಪಲಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯನು ಮಾಂಸಾಹಾರದ ವಿರುದ್ಧ ವಾದಿಸಿದನೆಂದು ಅವನ 'ಕಲ್ಯಾಣಕಾರಕ'ದಿಂದ ತಿಳಿಯುತ್ತದೆ. ಉಣ್ಣುವ ಅನ್ನದಲ್ಲಿ ಹಿತವಾವುದು, ಅಹಿತವಾವುದು ಎಂಬ ಚರ್ಚೆ ಈ ನೆಲಕ್ಕೆ ಅಷ್ಟು ಹಳೆಯದು. ಅವನಿಗೂ ಮೊದಲೇ ಚರಕಸಂಹಿತೆಯು ಹೊಟ್ಟೆ ಜೋಲುವ ಅತಿಸ್ಥೂಲನನ್ನು ನಿಂದಿತರ ಸಾಲಿನಲ್ಲಿ ಸೇರಿಸಿತ್ತು. ಪ್ರಮೇಹವು ಕೆಲವರಿಗೆ ಹುಟ್ಟಿನಿಂದ, ಕೆಲವರಿಗೆ ಅಪಥ್ಯದಿಂದ ಬರುತ್ತದೆ. ಮೊದಲಿನವರು ಕೃಶರು, ಎರಡನೆಯವರು ಸ್ಥೂಲರು ಎಂದು ಸುಶ್ರುತಸಂಹಿತೆ ವಿಂಗಡಿಸಿತ್ತು.

ಯೂರೋಪಿನಲ್ಲಿ ಈ ವಿಚಾರಕ್ಕೆ ಹೊಸ ತಿರುವು ಕೊಟ್ಟವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜ್ಯಾಂ ವಾಗ್. ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯವೆಂದು ಅವರು 1947ರಲ್ಲಿ ಸೂಚಿಸಿದರು. ತೊಡೆ, ನಿತಂಬಗಳ ಕೊಬ್ಬಿಗಿಂತ ಮೇಲ್ಮೈಯ ಕೊಬ್ಬೇ ಸಕ್ಕರೆ ರೋಗಕ್ಕೂ ರಕ್ತನಾಳಗಳ ಕೆಡುಕಿಗೂ ಹತ್ತಿರವೆಂದು 1956ರಲ್ಲಿ ವಿವರಿಸಿದರು. ಕಾರಣ ಇಂದು ತಕ್ಕಮಟ್ಟಿಗೆ ತಿಳಿದಿದೆ. ಕರುಳಿನ ಸುತ್ತ ಕೂಡಿದ ಕೊಬ್ಬು ಸುಮ್ಮನಿರುವುದಿಲ್ಲ. ಕರಗಿ ನೇರವಾಗಿ ಯಕೃತ್ತಿಗೆ ಹರಿಯುತ್ತದೆ. ಇನ್ಸುಲಿನ್ನಿನ ಮಾತನ್ನು ದೇಹ ಕೇಳದಾಗುತ್ತದೆ. ಆಗ ಸಕ್ಕರೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು ಒಟ್ಟಿಗೆ ಏರತೊಡಗುತ್ತವೆ. ಹೀಗೆ ಒಟ್ಟಾಗಿ ಬರುವ ಈ ಗುಂಪನ್ನು ಅಮೆರಿಕದ ಜೆರಾಲ್ಡ್ ರೀವೆನ್ 1988ರಲ್ಲಿ ಜಗತ್ತಿನ ಗಮನಕ್ಕೆ ತಂದರು.

ಇದರಲ್ಲಿ ನಮಗೊಂದು ವಿಶೇಷ ಎಚ್ಚರಿಕೆಯಿದೆ. ಭಾರತೀಯರ ಕೈಕಾಲು ಸಣ್ಣಗಿದ್ದರೂ ಕೊಬ್ಬು ನಡುವಿನಲ್ಲಿ ಸೇರುತ್ತದೆ. ಆದುದರಿಂದಲೇ 2005ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಯೂರೋಪಿನ ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿ 94 ಸೆಂಟಿಮೀಟರ್ ಎಂದರೆ, ದಕ್ಷಿಣ ಏಷ್ಯದ ಗಂಡಸರಿಗೆ 90 ಎಂದಿತು; ಹೆಂಗಸರಿಗೆ 80. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು.

ಶಹಾಬಾದಿನಲ್ಲಿ ಪರಸಿಕಲ್ಲು ಎಬ್ಬಿಸಿದವನಿಗೆ ಉಂಡ ಜೋಳದ ರೊಟ್ಟಿ ಸಂಜೆಗೆ ಕರಗುತ್ತಿತ್ತು. ವಾಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ದುಡಿಯುವ ಅವನ ಮೊಮ್ಮಗನಿಗೆ ಅದು ಎಲ್ಲಿ ಕರಗಬೇಕು? ಹಸಿವಿನ ಕಾಲದ ನಾಲಗೆ ಉಳಿದಿದೆ, ದುಡಿಮೆ ಉಳಿದಿಲ್ಲ.

ನಿಮ್ಮ ಮನೆಯಲ್ಲಿ ಹೊಲಿಗೆಯ ಟೇಪು ಇದ್ದೀತು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು, ಅಳೆದು ನೋಡಿ. ಮಿತಿ ದಾಟಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ದಿನವೂ ನಡೆಯಿರಿ. ಹಿರಿಯರು "ಮೈಗೆ ಹತ್ತಿತು" ಎಂದು ಹಿಗ್ಗಿದರೆ, ಅದು ಮೈಗೆ ಹತ್ತಿತೋ ಹೊಟ್ಟೆಗೆ ಹತ್ತಿತೋ ಎಂದು ನಗುತ್ತಲೇ ಕೇಳಿ.